ಮನಿ ಮುಂದ ಬಿಟ್ಟ ಚಪ್ಪಲಿ

ಎಪ್ಪತ್ತರ ದಶಕದಾಗಿನ ಮಾತು. ಬಿಜಾಪುರಕ್ಕ ಗೋಳಗುಮ್ಮಟ ನೋಡಾಕ ಬಂದ ಫಾರಿನ್ ಗಂಡ-ಹೆಂಡತಿ ಬಸ್ಸಿನಷ್ಟು ದೊಡ್ಡ ಗಾಡಿ ತಂದಿದ್ರು. ಒಳಗ ಹಾಸಿಗಿ, ಒಲಿ, ಕಿಡಕಿಗೆ ಪರದೆ, ಮನೀನ ಅದು. ಸಾಹೇಬನ ಕೈ ಉಳುಕಿತ್ತು, ಗೋವಾತನಕ ನಡಸಾಕ ನನ್ನ ಕರದ್ರು.

ನಮ್ಮೂರು ಇಂಡಿಯೊಳಗ ನನ್ನಾಕಿ ಒಬ್ಬಾಕಿನ, ನಾ ವರ್ಷಪೂರ್ತಿ ಲಾರಿ ಮ್ಯಾಲ. ಇವರು ನೋಡಿದ್ರ ಮನೀನೂ ಜೋಡಿ ತಗೊಂಡು ತಿರಗ್ತಾರ!

ಘಟ್ಟದ ಮ್ಯಾಲ ಚಾ ಕುಡದು ಇಳಿಸಾಕ ಹತ್ತಿದ್ನಿ. ತಿರುವಿಗೊಮ್ಮೆ ಗಾಡಿ ಕಂದಕದ ಕಡೆ ವಾಲತಿತ್ತು. ಹಿಂದ ಬೋಗಾಣಿ ಗಲಗಲ ಅಂದ್ರ ನಮ್ಮ ಅಡಗಿಮನಿ ನೆನಪಾಗ್ತಿತ್ತು. ಸಾಹೇಬನ ಹೆಂಡತಿ ನನ್ನ ಬರಿಗಾಲಿಗೆ ಬಟ್ಟು ಮಾಡಿ ತೋರಿಸಿದ್ಲು.

"ಮನಿಯೊಳಗ ಚಪ್ಪಲಿ ಹಾಕಬಾರದ್ರಿ ಬಾಯಾರ," ಅಂದ್ನಿ.

ತಿಳೀತೋ ಇಲ್ಲೋ, ಆಕಿನೂ ಬೂಟ್ ಬಿಚ್ಚಿದ್ಲು.

ಕೆಳಗ ಗಾಡಿ ನಿಂದ್ರಿಸಿ ಚಪ್ಪಲಿ ಹುಡುಕಿದ್ನಿ. ಎಲ್ಲಿ ಸಿಗತಾವ? ರೂಢಿ ಪ್ರಕಾರ ಬಾಗಲ ಹೊರಗ ಬಿಟ್ಟು ಹತ್ತಿದ್ನಿ. ಅವು ಘಟ್ಟದ ಮ್ಯಾಲ ಚಾದಂಗಡಿ ಮುಂದನ ಉಳದಿದ್ವು.

ಬರಿಗಾಲಾಗ ಇಂಡಿಗೆ ಬಂದ್ನಿ. "ಚಪ್ಪಲಿ ಎಲ್ರಿ?" ಅಂದ್ಲು ನನ್ನಾಕಿ.

"ಮನಿ ಮುಂದ ಬಿಟ್ಟಿದ್ನಿ. ಮನೀನ ಹೋತು."

ಆಕಿ ನಗಲಿಲ್ಲ. "ನಮ್ಮನಿ ಎಲ್ಲೂ ಹೋಗಂಗಿಲ್ರಿ," ಅಂದ್ಲು. "ಹೋಗೋರು ನೀವು."