ಒಂಟಿ ಗಾಲಿಗೆ ಬ್ರೇಕು

ನನಗೆ ಬ್ರೇಕ್ ಹಾಕಲು ಹುಟ್ಟಿದಾಗಿನಿಂದ ಜನ ಸಾಲುಗಟ್ಟಿ ನಿಂತಿದ್ದಾರೆ. ಜೋರಾಗಿ ನಗಬೇಡ ಎಂದವರು, ಮೆಟ್ಟಿಲು ಹಾರಿ ಇಳಿಯಬೇಡ ಎಂದವರು, ಐವತ್ತು ಹತ್ತಿರ ಬಂತು ಇನ್ನಾದರೂ ಒಂದು ಕಡೆ ಕೂರು ಎಂದವರು. ಇವರಲ್ಲಿ ಯಾರಿಗೂ ನಾನು ಅರ್ಜಿ ಹಾಕಿರಲಿಲ್ಲ. ಆದರೆ ಹೋದ ವರ್ಷ ನಾನೇ ಬಾಯಿಬಿಟ್ಟು “ಒಂದು ಬ್ರೇಕ್ ಹಾಕಿಕೊಡಿ” ಎಂದು ಕೇಳಿಕೊಂಡು ತಿರುಗಿದಾಗ ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಒಬ್ಬರೂ ಮುಂದೆ ಬರಲಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಸ್ವಲ್ಪ ನಿಮ್ಮೆದುರು ಇಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬ್ರೇಕ್ ಬೇಕಾಗಿದ್ದುದು ನನ್ನ ಗಾಲಿಗೆ. ನಾನು ಕೂಡ್ಲಿಗಿಯ ಪ್ರೌಢಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಯಾವುದೋ ತರಬೇತಿ ಶಿಬಿರದಲ್ಲಿ ಒಂಟಿ ಗಾಲಿಯ ಸೈಕಲ್ ಹತ್ತಲು ಕಲಿತೆ, ಕಲಿತದ್ದು ಬಿಡಲಿಲ್ಲ. ಮೊದಲು ಪುಟ್ಟ ಗಾಲಿಯದಿತ್ತು. ಆಮೇಲೆ ಬೆಂಗಳೂರಿನವರೊಬ್ಬರು ಸೊಂಟನೋವೆಂದು ಮಾರುತ್ತಿದ್ದ ದೊಡ್ಡದನ್ನು ತಂದೆ. ಪಕ್ಕದಲ್ಲಿ ನಿಲ್ಲಿಸಿದರೆ ಗಾಲಿಯೇ ನನ್ನ ಸೊಂಟದವರೆಗೆ ಬರುತ್ತದೆ. ಅದರ ಮೇಲೊಂದು ಸೀಟು, ಕೆಳಗೆರಡು ಪೆಡಲು, ಅಷ್ಟೇ. ಹ್ಯಾಂಡಲ್ ಇಲ್ಲ, ಚೈನಿಲ್ಲ. ಸರ್ಕಸ್ಸಿನಲ್ಲಿ ನೋಡಿದ್ದೇವೆ ಎನ್ನುವವರಿಗೆ ಒಂದು ಮಾತು: ಸರ್ಕಸ್ಸಿನವರು ಡೇರೆಯೊಳಗೆ ಸುತ್ತುತ್ತಾರೆ, ನಾನು ಭಾನುವಾರ ಮುಂಜಾನೆ ಇದರ ಮೇಲೆ ಗುಡೇಕೋಟೆಯ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತೇನೆ. ಎರಡೂ ಒಂದೇ ಅಲ್ಲ.

ತೊಂದರೆ ಇರುವುದು ಇಳಿಜಾರಿನಲ್ಲಿ. ಎರಡು ಗಾಲಿಯ ಸೈಕಲ್ಲಿನವರು ಇಳಿಜಾರು ಬಂದರೆ ಪೆಡಲ್ ನಿಲ್ಲಿಸಿ, ಗಾಳಿಗೆ ಮುಖ ಕೊಟ್ಟು, ಹಾಡು ಗುನುಗುತ್ತಾ ಜಾರುತ್ತಾರೆ. ನನ್ನದರಲ್ಲಿ ಪೆಡಲು ಗಾಲಿಯ ನಡುವಿಗೇ ಕಚ್ಚಿಕೊಂಡಿದೆ. ಗಾಲಿ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಏರಿನಲ್ಲಿ ನಾನು ಗಾಲಿಯನ್ನು ತುಳಿಯುತ್ತೇನೆ, ಇಳಿಜಾರಿನಲ್ಲಿ ಗಾಲಿ ನನ್ನನ್ನು ತುಳಿಯುತ್ತದೆ. ಅದನ್ನು ತಡೆಯಲು ಮೊಣಕಾಲು ಬಿಟ್ಟರೆ ಬೇರೆ ಸಾಧನ ಇಲ್ಲ. ಗುಡೇಕೋಟೆ ಗುಡ್ಡಗಳ ನಡುವಿನ ಇಳಿಜಾರು ಮುಗಿಯುವ ಹೊತ್ತಿಗೆ ನನ್ನ ಮೊಣಕಾಲುಗಳು ಯಾರದೋ ಆಗಿಬಿಟ್ಟಿರುತ್ತಿದ್ದವು. ಒಂದು ಸೋಮವಾರ ಶಾಲೆಯ ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಕಬಡ್ಡಿ ಕಲಿಸಿದೆ. ಕೂತು ಕಬಡ್ಡಿ ಕಲಿಸುವುದಕ್ಕಿಂತ ಅವಮಾನ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ.

ನನ್ನ ಗಂಡ ಸೋಮಶೇಖರ ಸಿಟ್ಟು ಬಂದರೂ ದನಿ ಏರಿಸುವವರಲ್ಲ. ಆವತ್ತು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಮೆತ್ತಗೆ ಹೇಳಿದರು: “ನೋಡು, ಇನ್ನೊಮ್ಮೆ ಹಿಂಗ ಕುಂಟಿಕೊಂತ ಬಂದ್ರ ಗಾಲಿ ಅಟ್ಟ ಏರತೈತಿ. ಅದನ್ನ ಇಳಿಸೋದು ನಿನಗೂ ಆಗಲ್ಲ, ನಾನೂ ಇಳಿಸಲ್ಲ.”

ಅವರು ಹೇಳಿದರೆ ಮಾಡುವವರು. ಆದ್ದರಿಂದ ಬ್ರೇಕ್ ಹುಡುಕಿ ಹೊರಟೆ.

ಹಗರಿಬೊಮ್ಮನಹಳ್ಳಿಯ ಸೈಕಲ್ ಅಂಗಡಿಯವರು ಗಾಲಿಯನ್ನು ಸುತ್ತು ಬಂದು ನೋಡಿ, “ಇದರ ಇನ್ನೊಂದು ಗಾಲಿ ಎಲ್ಲಿ ಬಿಟ್ಟು ಬಂದ್ರಿ?” ಎಂದು ಕೇಳಿದರು. ಹರಪನಹಳ್ಳಿಯವರು ಹೆಚ್ಚು ಸಭ್ಯರು, ನೀರು ಕೊಟ್ಟು, ಕೂರಿಸಿ, ಆಮೇಲೆ ಅದನ್ನೇ ಕೇಳಿದರು. ನಾನು ಆ ಗಾಲಿಯನ್ನು ಬಸ್ಸಿನಲ್ಲಿ ಎರಡು ಊರು ಹೊತ್ತು ತಿರುಗಿದ್ದೇನೆ. ಸೀಟಿನಲ್ಲಿ ಪಕ್ಕ ಕೂತವರೆಲ್ಲ ಕೇಳಿದ್ದೂ ಅದೇ. ಒಂದು ಗಾಲಿಯ ವಸ್ತು ನೋಡಿದ ತಕ್ಷಣ ಇನ್ನೊಂದು ಕಳೆದುಹೋಗಿದೆ ಎಂದುಕೊಳ್ಳುವ ಈ ಬುದ್ಧಿ ನಮಗೆ ಎಲ್ಲಿಂದ ಬಂತು? ಒಂಟಿಯಾಗಿರುವ ಹೆಂಗಸನ್ನು ಕಂಡರೂ ನಾವು ಮೊದಲು ಕೇಳುವುದು “ಮನೆಯವರು ಎಲ್ಲಿ?” ಎಂದೇ ಅಲ್ಲವೆ?

ಕೊನೆಗೆ ಬ್ರೇಕಿನ ಸಾಮಾನು ಅಂಚೆಯಲ್ಲಿ ತರಿಸಿಕೊಂಡು ನಮ್ಮೂರಿನ ವೀರಭದ್ರಪ್ಪನವರ ಅಂಗಡಿಗೇ ಹೋದೆ. ವೀರಭದ್ರಪ್ಪ ಊರಿನ ಅರ್ಧ ಸೈಕಲ್ಲುಗಳ ವೈದ್ಯರು, ಹಟದಲ್ಲಿ ನನಗೆ ಸರಿಸಮ. ಗಾಲಿಯ ಎರಡೂ ಬದಿಗೆ ರಬ್ಬರ್ ಒತ್ತುವ ಎರಡು ತೋಳು, ಒಂದು ತಂತಿ, ಒಂದು ಹಿಡಿಕೆ, ಎಲ್ಲವನ್ನೂ ಟವೆಲ್ ಮೇಲೆ ಹರಡಿದೆ.

“ಇದಕ್ಕ ಬ್ರೇಕ್ ಯಾಕ್ರಿ ಟೀಚರ್? ತುಳಿಯೋದು ಬಿಟ್ರ ತಾನ ನಿಲ್ತೈತಲ್ಲ.”

“ನಿಲ್ಲಲ್ರಿ. ಅದು ನಿಲ್ಲೋದಿಲ್ಲ, ನಾ ಬೀಳ್ತೀನಿ.”

“ಹಂಗಾದ್ರ ಏರಬ್ಯಾಡ್ರಿ.”

ಅರ್ಧ ದಿನ ಇದೇ ನಡೆಯಿತು. ಕೊನೆಗೆ ನನ್ನ ಕಾಟಕ್ಕೆ ಸೋತು ಕೆಲಸಕ್ಕೆ ಕೂತರು. ಹ್ಯಾಂಡಲ್ಲೇ ಇಲ್ಲದ್ದಕ್ಕೆ ಹಿಡಿಕೆ ಎಲ್ಲಿ ಕೂರಿಸುವುದು? ಸೀಟಿನ ಮೂತಿಯ ಕೆಳಗೆ, ನನ್ನ ಬಲಗೈ ಹಿಡಿದುಕೊಳ್ಳುವ ಜಾಗದಲ್ಲಿ, ಬೆರಳಿಗೆ ಸಿಗುವ ಹಾಗೆ. ಇಷ್ಟನ್ನು ಇಬ್ಬರೂ ಒಪ್ಪಿದೆವು. ಮುಂದೆ ಒಪ್ಪಿಗೆಯಾಗಲಿಲ್ಲ. ಅವರು ತಂತಿಯನ್ನು ಜಗ್ಗಿ ಜಗ್ಗಿ ಬಿಗಿದರು. “ಬ್ರೇಕ್ ಅಂದ್ರ ಹಿಡಿದ್ರ ಹಿಡದಂಗ ಇರಬೇಕ್ರಿ” ಎಂದು ಎದೆಯುಬ್ಬಿಸಿದರು. ಅಂಗಡಿಯ ಮುಂದೆಯೇ ಹತ್ತಿ, ನಾಲ್ಕು ಸುತ್ತು ತುಳಿದು, ಬೆರಳಿನಿಂದ ಹಿಡಿಕೆ ಮುಟ್ಟಿದೆ. ಗಾಲಿ ಗೋಡೆಗೆ ಬಡಿದಂತೆ ನಿಂತಿತು. ನಾನು ನಿಲ್ಲಲಿಲ್ಲ. ಎದುರಿಗೆ ನಿಂತಿದ್ದ ಗೂಡ್ಸ್ ಆಟೊವನ್ನು ತಬ್ಬಿಕೊಂಡಾಗಲೇ ನಿಂತದ್ದು. ಮೊಣಕೈ ತರಚಿತ್ತು.

“ಏನ್ ಹಿಡದೈತ್ರಿ ಬ್ರೇಕ್!” ಎಂದು ವೀರಭದ್ರಪ್ಪ ಹಿಂದಿನಿಂದ ಖುಷಿಯಲ್ಲಿ ಕೂಗಿದರು.

ನನ್ನ ಸಿಟ್ಟು ಏನಾಗಿರಬೇಕು ನೀವೇ ಹೇಳಿ. ಸೈಕಲ್ಲಿನ ಚರಿತ್ರೆ ಓದಿದವರಿಗೆ ಈ ಅಪಾಯ ಗೊತ್ತು. ಒಂದು ಕಾಲಕ್ಕೆ ವಿಲಾಯತಿಯಲ್ಲಿ ಸೈಕಲ್ಲಿನ ಮುಂದಿನ ಗಾಲಿ ಎದೆಯೆತ್ತರಕ್ಕಿತ್ತು, ಹಿಂದಿನದು ಬಾಲದಂತೆ ಪುಟ್ಟದು. ಗಡ್ಡ ಮೀಸೆಯ ದೊಡ್ಡ ಮನುಷ್ಯರೇ ಅದರ ಮೇಲೆ ಕೂತು ಬ್ರೇಕ್ ಗಟ್ಟಿಯಾಗಿ ಹಿಡಿದರೆ ಸಾಕು, ಸೈಕಲ್ಲನ್ನು ಹಿಂದೆ ಬಿಟ್ಟು ತಾವು ಮಾತ್ರ ಮುಂದಕ್ಕೆ ಹೋಗಿ ಬೀಳುತ್ತಿದ್ದರಂತೆ. ಮೊಣಕೈ ಉಜ್ಜಿಕೊಳ್ಳುತ್ತಾ ಇದನ್ನೆಲ್ಲ ವಿವರಿಸಿ, “ನನಗ ನಿಲ್ಲಿಸೋ ಬ್ರೇಕ್ ಬ್ಯಾಡ್ರಿ, ತಡೆಯೋ ಬ್ರೇಕ್ ಬೇಕು. ಮೆಲ್ಲಕ ಒತ್ತಿದ್ರ ಮೆಲ್ಲಕ ತಡೀಬೇಕು” ಎಂದೆ.

ಈಗ ಅವರಿಗೆ ಸಿಟ್ಟು ಬಂತು. “ನಿಲ್ಲಿಸದ ಬ್ರೇಕ್ ಹಾಕಿ ಕೊಟ್ಟಾನ ಅಂತ ಊರಾಗ ಸುದ್ದಿ ಆದ್ರ ನಾಳಿ ನನ್ನ ಅಂಗಡಿಗೆ ಯಾರ್ ಬರ್ತಾರ್ರಿ? ನಿಮಗೇನು, ಬಿದ್ರೂ ಎದ್ದು ಸಾಲಿಗಿ ಹೋಗ್ತೀರಿ. ನನ್ನ ಹೆಸರು ಬಿದ್ರ ಎಬ್ಬಸೋರ್ಯಾರು?”

ಅವರ ಮಾತಿನಲ್ಲೂ ನ್ಯಾಯವಿತ್ತು, ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಸಿಟ್ಟು ಬಂದಾಗ ಎದುರಿನವರು ಪೂರ್ತಿ ತಪ್ಪಾಗಿದ್ದರೆ ಎಷ್ಟು ಅನುಕೂಲ! ಇಬ್ಬರೂ ಮುಖ ತಿರುಗಿಸಿ ಕೂತೆವು. ಆಗ ನನಗೆ ಅಪ್ಪನ ಎತ್ತಿನ ಬಂಡಿ ನೆನಪಾಯಿತು. ಹೇರು ತುಂಬಿದ ಬಂಡಿ ದಿಬ್ಬ ಇಳಿಯುವಾಗ ಗಾಲಿಗೆ ಒಂದು ಕಟ್ಟಿಗೆಯನ್ನು ಒತ್ತಿ ಹಿಡಿಯುತ್ತಿದ್ದರು. ಬಂಡಿ ನಿಲ್ಲುತ್ತಿರಲಿಲ್ಲ, ಎತ್ತುಗಳ ಕುತ್ತಿಗೆ ಮೇಲೆ ಭಾರ ಬೀಳದಷ್ಟು ತಡೆಯುತ್ತಿತ್ತು.

“ಬಂಡಿ ಇಳಿಸೋವಾಗ ಕಟ್ಟಿಗಿ ಒತ್ತತಿದ್ರಲ್ಲ, ಅದು ಬೇಕ್ರಿ ನನಗ. ನಾನ ಎತ್ತು ಅನ್ಕೋರಿ” ಎಂದೆ.

ವೀರಭದ್ರಪ್ಪ ನನ್ನನ್ನು ದುರುಗುಟ್ಟಿ ನೋಡಿದರು. “ಹಂಗಂತ ಮದ್ಲ ಹೇಳಾಕ ಏನಾಗಿತ್ರಿ ನಿಮಗ? ಮುಂಜಾನಿಂದ ವಿಲಾಯತಿ ಕತಿ ಹೇಳ್ತೀರಿ!” ಎಂದು ಗದರಿ, ಸ್ಪ್ಯಾನರ್ ಎತ್ತಿಕೊಂಡರು.

ಅಲ್ಲಿಗೆ ಮುಗಿಯಲಿಲ್ಲ. ತಂತಿ ಸಡಿಲಿಸಿದರೆ ಹಿಡಿಕೆ ಸೀಟಿಗೆ ತಾಕುವವರೆಗೂ ಬ್ರೇಕ್ ಹಿಡಿಯದು. ಬಿಗಿಸಿದರೆ, ದೊಡ್ಡ ಗಾಲಿಯಾದ್ದರಿಂದ ಏರಿನಲ್ಲಿ ಜೋರಾಗಿ ತುಳಿದಾಗ ಅದು ತುಸು ಆಚೆ ಈಚೆ ಬಾಗಿ ರಬ್ಬರಿಗೆ ತಿಕ್ಕುತ್ತದೆ. ಮೊದಲು ಅವರು ಕಡ್ಡಿಗಳನ್ನು ಬಿಗಿದು ಗಾಲಿಯ ಸೊಟ್ಟ ತೆಗೆದರು. ಉಳಿದ ಚೂರುಪಾರು ಹೊಂದಾಣಿಕೆಯನ್ನು ಮನೆಯಲ್ಲಿ ನಾನೇ ಮಾಡಿದೆ. ಗಂಡ ಗಾಲಿಯನ್ನು ತಲೆಕೆಳಗಾಗಿ ಹಿಡಿದು ತಿರುಗಿಸುತ್ತಾ, “ನಿನಗ ಬ್ರೇಕ್ ಹಾಕೋದು ಇಷ್ಟು ವರ್ಷ ನನ್ನ ಕೈಲೆ ಆಗಿಲ್ಲ, ಈಗ ಇದಕ್ಕ ಹಾಕಾಕ ಕುಂದ್ರಿಸೀಯಲ್ಲ” ಎಂದರು. ತಂತಿ ತೊಡೆಗೆ ಸಿಕ್ಕದಂತೆ, ಸೀಟಿನಿಂದ ಗಾಲಿಯ ನಡುವಿಗೆ ಇಳಿಯುವ ಕಬ್ಬಿಣದ ಕಾಲಿಗೆ ಕಟ್ಟಿದೆವು. ರಬ್ಬರು ಕಿರ್ರೆಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಾಗ ಅದರ ಮುಂದಿನ ತುದಿ ಕೂದಲಷ್ಟು ಮೊದಲು ತಾಕುವಂತೆ ಓರೆ ಮಾಡಿದೆವು. ಕಿರುಚಾಟ ನಿಂತಿತು. ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಆ ಜಾಗ ಕೊನೆಗೆ ಸಿಕ್ಕಾಗ ಇಬ್ಬರೂ ಗಾಲಿ ತಿರುಗುವುದನ್ನು ನೋಡುತ್ತಾ ಕೂತೆವು. ಮದುವೆಯಾದ ಮೇಲೆ ನಾವು ಜೊತೆಯಾಗಿ ಇಷ್ಟು ಹೊತ್ತು ಒಂದೇ ವಸ್ತುವನ್ನು ನೋಡಿದ್ದು ಟೀವಿ ಬಿಟ್ಟರೆ ಇದೊಂದೇ ಇರಬೇಕು.

ಭಾನುವಾರ ಬಂತು. ಇಳಿಜಾರಿನ ನೆತ್ತಿಗೆ ಬಂದೆ. ಒಂದು ಬೆರಳಿನಿಂದ ಹಿಡಿಕೆಯನ್ನು ಮೆಲ್ಲಗೆ ಒತ್ತಿದೆ. ಗಾಲಿ ಮೊದಲ ಸಲ ನನ್ನ ಮಾತು ಕೇಳಿತು. ಕಾಲು ತುಳಿಯುತ್ತಿತ್ತು, ಬೆರಳು ತಡೆಯುತ್ತಿತ್ತು, ಮೊಣಕಾಲು ಯಾವ ಜವಾಬ್ದಾರಿಯೂ ಇಲ್ಲದೆ ಸುಮ್ಮನೆ ಮಡಚಿ ಬಿಚ್ಚುತ್ತಿತ್ತು. ಬಂಡೆಗಳು, ಜಾಲಿ ಪೊದೆಗಳು ಒಂದೊಂದಾಗಿ, ಪುರುಸೊತ್ತಿನಿಂದ ಹಿಂದೆ ಸರಿದವು.

ಅರ್ಧ ಇಳಿದಿದ್ದೆ. ಆಡು ಮೇಯಿಸುತ್ತಿದ್ದ, ನನ್ನ ವಯಸ್ಸಿನವಳೇ ಒಬ್ಬಳು ಬಂಡೆಯ ಮೇಲಿಂದ ಕೂಗಿದಳು: “ಯಕ್ಕಾ, ಇಷ್ಟು ಮೆಲ್ಲಕ ಹೋಗಾಕ ಅದರ ಮ್ಯಾಲ ಯಾಕ ಕುಂತೀ? ನಡಕೊಂತ ಹೋಗಬಾರದಾ?”

ಇಷ್ಟು ವರ್ಷ ಈ ರಸ್ತೆಯಲ್ಲಿ ಎಷ್ಟೋ ಮಾತು ಕೇಳಿದ್ದೇನೆ. ನನ್ನ ಉತ್ತರ ಬಾಯಿಗೆ ಬರುವ ಹೊತ್ತಿಗೆ ಆಡಿದವರು ಎಲ್ಲೋ ಹಿಂದೆ ಉಳಿದಿರುತ್ತಿದ್ದರು, ನಾನು ಜಾಲಿ ಗಿಡಗಳಿಗೆ ಬೈದು ಹೋಗುತ್ತಿದ್ದೆ. ಆವತ್ತು ಬೆರಳನ್ನು ಇನ್ನಷ್ಟು ಒತ್ತಿದೆ, ಗಾಲಿ ನಿಧಾನವಾಯಿತು, ಇಳಿದೆ. ವರ್ಷಗಳ ಜಗಳವನ್ನು ಬಾಕಿಯಿಲ್ಲದೆ ಮಾಡಿಬಿಡಬೇಕೆಂದು ಬಂಡೆಯ ಹತ್ತಿರ ಹೋದೆ.

ಅವಳು ಜರುಗಿ ಜಾಗ ಕೊಟ್ಟಳು. “ಬಾ ಕುಂದ್ರು. ಇಳಿಯೋವಾಗ ಮೊಣಕಾಲು ನೋಯಾದಿಲ್ಲೇನು? ನನಗಂತೂ ಈ ಗುಡ್ಡ ಇಳಿಯೋದ ಬ್ಯಾಡ ಅನಸತೈತಿ.”

ಜಗಳಕ್ಕೆಂದು ಬಂದವಳು ಗಾಲಿಯನ್ನು ಬಂಡೆಗೆ ಒರಗಿಸಿದೆ. ಅವಳ ಪಕ್ಕ ಕೂತೆ. ಗುಡ್ಡ ಇಳಿಯುವಾಗ ಅಡ್ಡಡ್ಡ ಹೆಜ್ಜೆ ಹಾಕಿದರೆ ನೋವು ಕಡಿಮೆ ಎಂದು ಅವಳು, ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ ಎಂದು ನಾನು, ಮಾತು ಎಲ್ಲೆಲ್ಲಿಗೋ ಹೋಯಿತು. ಆಡುಗಳು ದೂರ ಹೋಗಿ, ಅವಳು ಬೈದುಕೊಂಡು ಎದ್ದು ಓಡಿದ ಮೇಲೆಯೇ ನಾನು ಮತ್ತೆ ಹತ್ತಿದ್ದು.

ಗುಡೇಕೋಟೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ರೊಟ್ಟಿ ಆರಿಹೋಗಿದ್ದವು.

“ಯಾಕ ಇಷ್ಟು ತಡ? ಬ್ರೇಕ್ ಹಿಡೀಲಿಲ್ಲೇನು?”

“ಹಿಡೀತು ಅಕ್ಕ. ಅದಕ್ಕ ತಡ ಆತು.”