ಅಟ್ಟದ ಕೆಳಗಿನ ಸಭೆ

ಕ್ರೈಸ್ತ ಸಭೆ ಸೇರಿ ದೀಕ್ಷಾಸ್ನಾನ ಪಡೆದ ದಿನ ಸಿದ್ದಕ್ಕನಿಗೆ ಸಾರಮ್ಮ ಅಂತ ಹೆಸರಿಟ್ಟರು. ಆ ಹೆಸರಿನಿಂದ ಅವಳನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಅವಳು ತಿರುಗಿ ನೋಡುತ್ತಿರಲಿಲ್ಲ. ತಿಪಟೂರಿನ ಗೋಡೌನುಗಳಲ್ಲಿ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವುದು ಅವಳ ಕಸುಬು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳ ಗಂಡ ಮಾರಯ್ಯ ಅದೇ ಗೋಡೌನುಗಳಲ್ಲಿ ಅಟ್ಟ ನೋಡಿಕೊಳ್ಳುತ್ತಿದ್ದ.

ಈ ಸೀಮೆಯಲ್ಲಿ ತೆಂಗಿನಕಾಯನ್ನು ಕೆಡವಿದ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೇರಿಸಿ ವರ್ಷದವರೆಗೂ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾದ ಮೇಲೆ, ಕಾಯನ್ನು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಮಾರಯ್ಯನದು ಒಂದು ವಿಚಿತ್ರ ಅಭ್ಯಾಸ. ಕಾಯನ್ನು ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿ, ಏನೋ ನೆನಪಾದವನ ಹಾಗೆ ತಡೆದು, ಮತ್ತೊಂದು ಸಲ ಅಲ್ಲಾಡಿಸುವನು. ಲೊಡ, ಲೊಡ. ಆಮೇಲೆ, ಲೊಡ್. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಕೆಳಗೆ ಕೂತ ಸಿದ್ದಕ್ಕ ಆ ಸದ್ದು ಹಿಡಿದೇ ಗಂಡ ಅಟ್ಟದ ಯಾವ ಮೂಲೆಯಲ್ಲಿದ್ದಾನೆಂದು ಹೇಳಿಬಿಡುತ್ತಿದ್ದಳು.

ಭಾನುವಾರ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸಭೆಗೆ ಕರೆತರುತ್ತಿದ್ದವನೂ ಅವನೇ. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಸಭೆ ಸೇರುತ್ತಿದ್ದುದು ಸಭಾಪಾಲಕರಾದ ಸತ್ಯದಾಸ ಅಯ್ಯನವರ ನಡುಮನೆಯಲ್ಲಿ. ಜನ ಹೆಚ್ಚುತ್ತ ಹೋಗಿ ನಡುಮನೆ ತುಂಬಿತು, ಅಡುಗೆಮನೆ ತುಂಬಿತು, ಜಗಲಿಯಲ್ಲಿ ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ಚುಚ್ಚುತ್ತಿತ್ತು.

"ಒಳಿಕ್ಕೆ ಬಾ ಅಂದ್ರೆ ಬರಾಕಿಲ್ವಲ್ಲ ನೀನು," ಎಂದು ಸಿದ್ದಕ್ಕ ಗೊಣಗುವಳು.

"ಎಲ್ಲೈತೆ ಜಾಗ? ನಿನ್ ದೇವ್ರಿಗೇ ಕೂರಾಕೆ ಜಾಗ ಇಲ್ಲ ಕಣೇ. ದೊಡ್ಡ ಜಾಗ ಆಗ್ಲಿ, ಬತ್ತೀನಿ ಬುಡು," ಎಂದು ಮಾರಯ್ಯ ಎದುರಿನ ಹುಣಿಸೆಮರದಡಿ ಬೀಡಿ ಹಚ್ಚುವನು. ಅದು ಬರೀ ನೆಪವೆಂದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ವಾರ ಕೇಳುತ್ತಿದ್ದಳು.

ಎಪ್ಪತ್ತೈದರ ಬೇಸಿಗೆಯಲ್ಲಿ, ಕೊಬ್ಬರಿ ವ್ಯಾಪಾರಿ ತೋಂಟದಾರ್ಯನ ಗೋಡೌನಿನಲ್ಲಿ, ಹಳೆಯ ಕಾಯಿ ತಳದಲ್ಲಿದೆಯೆಂದು ಮಾರಯ್ಯ ರಾಶಿಯ ಬುಡಕ್ಕೇ ಕೈ ಹಾಕಿದ. ಮೇಲಿನಿಂದ ತೆಗೆಯುತ್ತ ಬರುವ ತಾಳ್ಮೆ ಅವತ್ತು ಎಲ್ಲಿ ಹೋಗಿತ್ತೋ. ಅಟ್ಟದ ಎತ್ತರದ ರಾಶಿ ಜಾರಿ ಅವನನ್ನು ಮುಚ್ಚಿಕೊಂಡಿತು. ಕಾಯಿ ಸರಿಸಿ ನೋಡಿದಾಗ ಜೀವ ಹೋಗಿತ್ತು. ಕೈಯಲ್ಲೊಂದು ಕಾಯಿ, ಕಿವಿಯ ಹತ್ತಿರ, ಹಿಡಿದದ್ದು ಹಿಡಿದ ಹಾಗೇ ಇತ್ತು.

ದೀಕ್ಷೆಯಾಗದವನಿಗೆ ಸಭೆಯ ಸ್ಮಶಾನದಲ್ಲಿ ಜಾಗವಿಲ್ಲ ಎಂದರು ಸತ್ಯದಾಸ ಅಯ್ಯನವರು. ಅಲ್ಲೂ ಜಾಗವಿಲ್ಲ! ಸಿದ್ದಕ್ಕ ಆ ಮಾತನ್ನು ಮರೆಯಲಿಲ್ಲ, ಸಭೆಯನ್ನು ಬಿಡಲೂ ಇಲ್ಲ. ಆ ಗೋಡೌನಿನ ಬೀದಿಯಲ್ಲಿ ಮಾತ್ರ ಮತ್ತೆ ನಡೆಯಲಿಲ್ಲ. ಕೂಲಿಯವರು ಅಟ್ಟ ಹತ್ತಲು ಒಪ್ಪದೆ ಹೋದಾಗ ತೋಂಟದಾರ್ಯ ಕಾಯೆಲ್ಲ ಇಳಿಸಿ ಬೀಗ ಜಡಿದ.

ಕೆಲವು ವರ್ಷ ಕಳೆದವು. ಅಯ್ಯನವರ ಮನೆಯಲ್ಲಿ ಇನ್ನು ಉಸಿರಾಡುವುದಕ್ಕೂ ಆಗದು ಎಂದಾದಾಗ ಸಭೆಯವರು ದೊಡ್ಡ ಕಟ್ಟಡ ಹುಡುಕಲು ಹೊರಟರು. ಸಭೆಗೆ ಎಂದ ಕೂಡಲೇ ಮನೆ ಮಾಲೀಕರಿಗೆಲ್ಲ ಇದ್ದಕ್ಕಿದ್ದಂತೆ ಊರಿಂದ ನೆಂಟರು ಬರುವುದು ನೆನಪಾಗುತ್ತಿತ್ತು. ಕೊನೆಗೆ ಬೀಗ ಜಡಿದಿದ್ದ ಆ ಗೋಡೌನನ್ನೇ ಕೊಡಲು ಮುಂದೆ ಬಂದವನು ತೋಂಟದಾರ್ಯ.

"ತಗಳ್ಳಿ ಸ್ವಾಮಿ, ಸುಮ್ನೆ ಬಿದ್ದೈತೆ. ನಿಮ್ ದೇವ್ರು ಯಾವುದಕ್ಕೂ ಹೆದರಲ್ಲ ಅಂತೀರಲ್ಲ," ಎಂದು ಬೀಗದ ಕೈ ಕೊಟ್ಟು, ಬಾಗಿಲವರೆಗೂ ಬಾರದೆ ಹೊರಟುಹೋದ.

ಮೊದಲ ಭಾನುವಾರ ಸಿದ್ದಕ್ಕ ಹಲ್ಲು ಕಚ್ಚಿಕೊಂಡು ಒಳಗೆ ಬಂದಳು. ಅಷ್ಟಗಲ ಜಾಗ ಕಂಡು ಜನ ಹಿಗ್ಗಿಹೋಗಿದ್ದರು. ಅವಳು ಅಟ್ಟದ ಏಣಿಯ ಬುಡದಲ್ಲಿ ಚಾಪೆ ಹಾಸಿಕೊಂಡಳು. ಹಾಡು ಮುಗಿಯಿತು. ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಪ್ರಾರ್ಥಿಸುತ್ತಿರುವಾಗ, ತಲೆಯ ಮೇಲೆ, ಸ್ಪಷ್ಟವಾಗಿ ಕೇಳಿಸಿತು.

ಲೊಡ, ಲೊಡ.

ಸಿದ್ದಕ್ಕ ಕಣ್ಣು ತೆರೆದಳು. ಇನ್ನೊಂದು ಬರದಿರಲಿ ಎಂದುಕೊಂಡಳೋ, ಬರಲಿ ಎಂದುಕೊಂಡಳೋ, ಅವಳಿಗೇ ತಿಳಿಯಲಿಲ್ಲ.

ಲೊಡ್.

ಇಲಿ ಎಂದರು ಕೆಲವರು. ಸಭೆಯ ಹಿರಿಯ ಬೆಟ್ಟಸ್ವಾಮಿ ಟಾರ್ಚು ಹಿಡಿದು ಅಟ್ಟ ಹತ್ತಿದ. ಇಳಿದು ಬಂದು ಕಂಡದ್ದನ್ನು ಹೇಳಿದ. ಮೇಲೆ ಒಂದು ಕಾಯಿಯೂ ಇರಲಿಲ್ಲ. ಬೆರಳುದಪ್ಪ ಧೂಳಿತ್ತು, ಧೂಳಿನ ಮೇಲೆ ಇಲಿಯ ಹೆಜ್ಜೆಯೂ ಇರಲಿಲ್ಲ. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ. ಹಾಡುವಾಗಲ್ಲ, ಬೋಧನೆಯಲ್ಲಲ್ಲ, ಮೌನದಲ್ಲಿ ಮಾತ್ರ. ಹೊಸಬರು ಬರುವುದಕ್ಕೆ ಹಿಂದೇಟು ಹಾಕಿದರು. ಬರುವ ಭಾನುವಾರ ಉಪವಾಸವಿದ್ದು, ಪ್ರಾರ್ಥನೆ ಮಾಡಿ, ಆ ದೆವ್ವವನ್ನು ಓಡಿಸೋಣ ಎಂದು ಅಯ್ಯನವರು ಸಾರಿದರು.

ಆ ವಾರವೆಲ್ಲ ಸಿದ್ದಕ್ಕನ ಕೈಯಲ್ಲಿ, ಇಡಿಯಾಗಿ ಬಿಡಿಸಬೇಕಾದ ಉಂಡೆ ಕೊಬ್ಬರಿ ಒಡೆದು ಹೋಳಾಗುತ್ತಿತ್ತು. ಆ ಸದ್ದು ಮಾರಯ್ಯನದೆಂದು ಹೇಳಿದರೆ ಜನ ಹೆದರಿ ಕಟ್ಟಡ ಬಿಡುತ್ತಾರೆ, ಎಲ್ಲ ಇವಳಿಂದಲೇ ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡರೆ ಅವನನ್ನು ಓಡಿಸುತ್ತಾರೆ. ಸ್ಮಶಾನದಿಂದ ಆಗಲೇ ಒಮ್ಮೆ ಓಡಿಸಿಯಾಗಿದೆ. ಇನ್ನು ಅವನು ಹೋಗುವುದೆಲ್ಲಿಗೆ?

ಭಾನುವಾರ ಬಂತು. ಮೌನ ಕವಿಯಿತು. ಮೇಲೆ ಸದ್ದಾಯಿತು. ಅಯ್ಯನವರು ಅಟ್ಟದ ಕಡೆ ಕೈ ಎತ್ತಿ, "ಅಶುದ್ಧಾತ್ಮವೇ, ಯೇಸುವಿನ ಹೆಸರಿನಲ್ಲಿ..." ಎಂದು ಗುಡುಗಿದರು.

"ತಡೀರಿ ಅಯ್ಯಾರೇ!"

ಸಿದ್ದಕ್ಕ ಎದ್ದು ನಿಂತಿದ್ದಳು.

"ಅದು ದೆವ್ವ ಅಲ್ಲ, ನಮ್ಮೋನು. ಕಾಯಿ ನೋಡೋದು ಅವ್ನೇ, ನಂಗೆ ಗೊತ್ತಾಗಕಿಲ್ವಾ? ದೊಡ್ಡ ಜಾಗ ಆದ್ರೆ ಸಭೆಗೆ ಬತ್ತೀನಿ ಅಂದಿದ್ದ. ಮಾತಿಗೆ ತಪ್ಪದಂಗೆ ನಮಗಿಂತ ಮೊದ್ಲೇ ಬಂದು ಕಾಯ್ತಾವ್ನೆ. ಅವತ್ತು ಮಣ್ಣಲ್ಲಿ ಜಾಗ ಇಲ್ಲ ಅಂದ್ರಿ. ಇವತ್ತು ಇಲ್ಲೂ ಇಲ್ಲ ಅಂತೀರಾ?"

ಅಯ್ಯನವರ ಎತ್ತಿದ ಕೈ ಹಾಗೇ ನಿಂತಿತು. ಅವತ್ತು ಇಲ್ಲ ಎಂದ ಬಾಯಿ ತಮ್ಮದೇ ಎಂಬುದು ಅವರಿಗೂ ನೆನಪಿತ್ತು. ನಿಧಾನವಾಗಿ ಕೈ ಇಳಿಸಿ, ಪಂಚೆಗೆ ಅಂಗೈ ಒರೆಸಿಕೊಂಡು ಹೇಳಿದರು.

"ಮಾರಯ್ಯನವರೇ, ಜಾಗ ಇದೆ. ಬನ್ನಿ, ಕೂತ್ಕೊಳ್ಳಿ."

ಮೇಲೆ ಏನೂ ಸದ್ದಿಲ್ಲ. ತುಸು ಹೊತ್ತಾದ ಮೇಲೆ ಏಣಿಯ ಮೇಲಿನ ಮೆಟ್ಟಿಲು ಭಾರ ಬಿದ್ದ ಹಾಗೆ ಕಿರ್ರೆಂದಿತು. ಆಮೇಲೆ ಅದರ ಕೆಳಗಿನದು. ಆಮೇಲೆ ಇನ್ನೂ ಕೆಳಗಿನದು. ತಲೆ ಎತ್ತಿ ನೋಡುವ ಧೈರ್ಯ ಇಡೀ ಸಭೆಯಲ್ಲಿ ಒಬ್ಬರಿಗೂ ಬರಲಿಲ್ಲ. ಎಲ್ಲಿಂದಲೋ ಬೀಡಿಯ ವಾಸನೆ ತೇಲಿ ಬಂತು.

ಸಿದ್ದಕ್ಕ ಕೂತು, ಕಣ್ಣು ಮುಚ್ಚಿ, ಚಾಪೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದಳು.