ಗುಜರಿಗೆ ಬಿದ್ದ ಹಾರ

ಯಾದವಗಿರಿಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಆ ವಿದೇಶಿ ಹಿರಿಯರು ಯಾವುದನ್ನೇ ಕಂಡರೂ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತಿದ್ದರು. ನಮ್ಮ ಬಾಗಿಲು, ಹಲಸಿನಹಣ್ಣು, ಆಟೋದ ಬೆನ್ನು, ಯಾವುದನ್ನೂ ಬಿಟ್ಟವರಲ್ಲ. ತಟ್ಟಿದ ಮೇಲೆ “ಗಟ್ಟಿಯಾಗಿದೆ ಕಣ್ರೀ” ಎನ್ನಲೇಬೇಕು.

ಹಿತ್ತಲಲ್ಲಿ ತಾವೇ ಹಲಗೆ ಜೋಡಿಸಿ ಕಟ್ಟಿದ ಮೀನು ಹಿಡಿಯುವ ದೋಣಿಯನ್ನು ಅವರು ಕೆರೆಗಿಳಿಸಿದ್ದೇ ತಡ, ಪರವಾನಗಿ ಇಲ್ಲವೆಂದು ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು ತಮ್ಮ ಕಚೇರಿಗೆ ಹೊತ್ತೊಯ್ದರು. ಪರವಾನಗಿ ತಂದು ತೋರಿಸಿದರೆ, “ಇದು ಗುಜರಿ. ನೀರಿಗೆ ಬಿಟ್ರೆ ಮುಳುಗುತ್ತೆ, ಒಡೆದು ಹಾಕ್ತೀವಿ” ಎಂದರು. ಇವರು ಕೋರ್ಟಿಗೆ ಹೋದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಚೇರಿಯ ಸಿಬ್ಬಂದಿ ಅಂಗಳದ ಜೀಪುಗಳನ್ನೆಲ್ಲ ತೊಳೆದು ಪೂಜಿಸಿ, ಅದೇ ಹುರುಪಿನಲ್ಲಿ ಮೂಲೆಯ ದೋಣಿಗೂ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದರು. ದೋಣಿ ನೋಡಲು ಹೋಗಿದ್ದ ಇವರು ಫೋಟೊ ತೆಗೆದುಕೊಂಡು, ಅವರು ಕೊಟ್ಟ ಕಡಲೆಪುರಿಯನ್ನೂ ತಿಂದು ಬಂದರು.

ಕೋರ್ಟಿಗೆ ಭಾಷಾಂತರಕ್ಕೆಂದು ನನ್ನನ್ನು ಕರೆದೊಯ್ದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಫೋಟೊ ಮುಂದಿಟ್ಟು ತಾವೇ ಕೇಳಿದರು: “ಗುಜರಿಗೆ ಯಾರಾದ್ರೂ ಪೂಜೆ ಮಾಡ್ತಾರಾ ಸ್ವಾಮಿ?”

ನ್ಯಾಯಾಧೀಶರು ಅಧಿಕಾರಿಯ ಕಡೆ ತಿರುಗಿದರು. “ಹಬ್ಬದ ದಿನ ಅದೊಂದನ್ನೇ ಬಿಟ್ರೆ ಚೆನ್ನಾಗಿರಲ್ಲ ಅಂತ…” ಎಂದು ಅಧಿಕಾರಿ ತಲೆ ಕೆರೆದುಕೊಂಡರು. ದೋಣಿ ಬಿಟ್ಟುಕೊಡಲು ಆದೇಶವಾಯಿತು.

ಅದು ಮನೆಗೆ ಬಂದ ದಿನ ಕುಂಕುಮದ ಕಲೆ ಒರೆಸಲು ನಾನು ಬಟ್ಟೆ ತಂದೆ. ಅವರು ನನ್ನ ಕೈ ತಡೆದು, ದೋಣಿಯ ಪಕ್ಕೆಯನ್ನು ತಟ್ಟಿ ಹೇಳಿದರು: “ಇರ್ಲಿ ಬುಡಿ. ನಮ್ಮ ಕಡೆ ಸಾಕ್ಷಿ ಹೇಳಿದ್ದು ಅದೊಂದೇ ಕಣ್ರೀ.”